ಮನೆ ಕುಗ್ಗಿದರೂ ಕುಗ್ಗದ ಅಕ್ಷರ

ಮನೆ ಕಟ್ಟಿಸಿದವರೆಲ್ಲರೂ ಒಮ್ಮೆಯಾದರೂ ಅದರ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿರುತ್ತಾರೆ. ಗೋಡೆಗಳಿಗೆ ಜೋಡಿಗೆರೆ, ಬಾಗಿಲುಗಳಿಗೆ ಕಾಲುವೃತ್ತ, ಮೆಟ್ಟಿಲಿಗೆ ಏಣಿಯಂತಹ ಅಡ್ಡಗೆರೆಗಳು. ಕೋಣೆಗಳ ನಡುವೆ ‘ಅಡುಗೆಮನೆ’, ‘ಪಡಸಾಲೆ’ ಎಂಬ ಹೆಸರುಗಳು. ಹೆಸರಿನ ಕೆಳಗೆ ಉದ್ದಗಲದ ಅಂಕೆಗಳು. ಈ ಹಾಳೆಯ ಮೇಲೆ ಮನೆಯೆಲ್ಲವೂ ನೂರರಲ್ಲಿ ಒಂದು ಪಾಲಿಗೆ ಕುಗ್ಗಿ ಕುಳಿತಿದೆ. ಹತ್ತಡಿಯ ಗೋಡೆ ಒಂದಂಗುಲಕ್ಕಿಂತ ತುಸು ಹೆಚ್ಚು ಉದ್ದದ ಗೆರೆಯಾಗಿದೆ. ಒಂಬತ್ತು ಅಂಗುಲದ ಗೋಡೆಯ ದಪ್ಪ ಸುಮಾರು ಎರಡೂಕಾಲು ಮಿಲಿಮೀಟರಿಗೆ ಇಳಿದಿದೆ. ‘ಅಡುಗೆಮನೆ’ ಎಂಬ ಬರಹ ಮಾತ್ರ ಕುಗ್ಗಿಲ್ಲ. ಕುಗ್ಗಿಸಿದ್ದರೆ ಅದನ್ನು ಓದುವುದಕ್ಕೆ ಬರುತ್ತಿರಲಿಲ್ಲವಷ್ಟೆ. ಹೀಗೆ ಒಂದೇ ಹಾಳೆಯ ಮೇಲೆ ಎರಡು ಲೋಕಗಳು ಒಟ್ಟಿಗೆ ಬಾಳುತ್ತವೆ. ಒಂದು ಕಟ್ಟಡದ ಲೋಕ. ಅದು ಪ್ರಮಾಣಕ್ಕೆ ಕಟ್ಟುಬಿದ್ದದ್ದು. ಇನ್ನೊಂದು ಓದುವವನ ಕಣ್ಣಿನ ಲೋಕ. ಅದಕ್ಕೆ ಆ ಕಟ್ಟು ಇಲ್ಲ. ಕೈಯಿಂದಲೇ ನಕ್ಷೆ ಬರೆಯುತ್ತಿದ್ದ ಕಾಲದಲ್ಲಿ ಈ ಭೇದವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಗಣಕಯಂತ್ರಕ್ಕೆ ಅದನ್ನು ಕಲಿಸುವುದಕ್ಕೆ ಮಾತ್ರ ಸುಮಾರು ಇಪ್ಪತ್ತೈದು ವರ್ಷಗಳು ಹಿಡಿದವು.

ಲೆಕ್ಕವನ್ನು ನಮಗೆ ಪರಿಚಿತವಾದ ನಿವೇಶನದಿಂದಲೇ ಮಾಡಿ ನೋಡೋಣ. ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ‘ಮೂವತ್ತು ನಲವತ್ತರ ಸೈಟು’ ಎಂದರೆ ವಿವರಣೆ ಬೇಕಾಗುವುದಿಲ್ಲ. ಮೂವತ್ತಡಿ ಎಂದರೆ 9.14 ಮೀಟರು, ನಲವತ್ತಡಿ ಎಂದರೆ 12.19 ಮೀಟರು. ಒಂದಕ್ಕೆ ನೂರರ ಪ್ರಮಾಣದಲ್ಲಿ, ಎಂದರೆ 1:100ರಲ್ಲಿ, ಈ ನಿವೇಶನ ಹಾಳೆಯ ಮೇಲೆ 91 ಮಿಲಿಮೀಟರು ಅಗಲ, 122 ಮಿಲಿಮೀಟರು ಉದ್ದವಾಗುತ್ತದೆ. ಅಂಗೈಯಿಂದ ಅದನ್ನು ಮುಚ್ಚಬಹುದು. 1:50ರಲ್ಲಿ ಬರೆದರೆ 183 ಮತ್ತು 244 ಮಿಲಿಮೀಟರಾಗಿ, ನಾವು ಪತ್ರ ಬರೆಯುವ ಎ4 ಹಾಳೆಯೊಳಗೆ ಹಿಡಿಸುತ್ತದೆ. ಇನ್ನು ಅಕ್ಷರದ ಕಡೆಗೆ ಬರೋಣ. ನಕ್ಷೆಯ ಸಾಮಾನ್ಯ ಬರಹಕ್ಕೆ 2.5 ಮಿಲಿಮೀಟರು ಎತ್ತರವಿದ್ದರೆ ಸುಖವಾಗಿ ಓದಬಹುದು. ಆ ಅಕ್ಷರವನ್ನು ಮನೆಯೊಡನೆಯೇ ಹಿಗ್ಗಿಸಿ, ಮನೆಯು ತನ್ನ ನಿಜವಾದ ಅಳತೆಗೆ ಬರುವವರೆಗೂ ಬೆಳೆಸಿದೆವೆನ್ನಿ. 1:100ರ ನಕ್ಷೆಯ ಅಕ್ಷರ 250 ಮಿಲಿಮೀಟರು ಎತ್ತರವಾಗಿ, ಒಂದು ಗೇಣಿಗಿಂತ ತುಸು ದೊಡ್ಡದಾಗಿ, ಅಡುಗೆಮನೆಯ ನೆಲದ ಮೇಲೆ ಬಣ್ಣದಿಂದ ಬರೆದಂತೆ ಬಿದ್ದಿರುತ್ತದೆ. 1:1000ರ ಬಡಾವಣೆಯ ನಕ್ಷೆಯಲ್ಲಾದರೆ ಅದೇ ಅಕ್ಷರ ಎರಡೂವರೆ ಮೀಟರು, ಆಳಿಗಿಂತ ಎತ್ತರ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000ದ ಭೂಪಟದಲ್ಲಿ ಊರಿನ ಹೆಸರನ್ನು ಅಷ್ಟೇ ಎತ್ತರದಲ್ಲಿ ಬರೆದರೆ, ನೆಲದ ಮೇಲೆ ಅದು 125 ಮೀಟರು ಜಾಗವನ್ನು ಆಕ್ರಮಿಸಿದಂತಾಗುವುದು. ಸಣ್ಣ ಹಳ್ಳಿಯ ಒಂದು ಕೇರಿಯೇ ಒಂದಕ್ಷರದಡಿಯಲ್ಲಿ ಮುಚ್ಚಿಹೋದೀತು.

ಹಾಳೆಯ ಮೇಲಿನ ಅಕ್ಷರ ಎಂದಿಗೂ ಒಂದೇ. ಕಟ್ಟಡದ ಅಳತೆಯಲ್ಲಿ ಅದರ ಬೆಲೆ ಮಾತ್ರ ಪ್ರಮಾಣ ಬದಲಾದಂತೆಲ್ಲ ಬದಲಾಗುತ್ತದೆ. ಮುಂದಿನ ಕಥೆಯೆಲ್ಲ ಈ ಒಂದು ಗುಣಾಕಾರದಿಂದ ಹುಟ್ಟಿದ್ದು.

ಪ್ರಮಾಣದ ವಿಚಾರ ಬಹಳ ಹಳೆಯದು. ಮೆಸೊಪೊಟೇಮಿಯದ ಲಗಾಶ್ ನಗರವನ್ನು ಕ್ರಿಸ್ತಪೂರ್ವ ಸುಮಾರು 2100ರಲ್ಲಿ ಆಳಿದ ಗುಡಿಯ ಎಂಬ ಅರಸನ ಕಲ್ಲಿನ ವಿಗ್ರಹವೊಂದು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಕುಳಿತಿರುವ ಅರಸನ ತೊಡೆಯ ಮೇಲೆ ದೇವಾಲಯದ ತಳವಿನ್ಯಾಸವನ್ನು ಕೊರೆದ ಹಲಗೆ, ಅದರ ಅಂಚಿಗೆ ಗೀರುಗಳಿಂದ ಭಾಗಿಸಿದ ಅಳತೆಪಟ್ಟಿ. ನಕ್ಷೆಯೊಡನೆ ಅಳತೆಪಟ್ಟಿಯನ್ನೂ ಇಡಬೇಕೆಂಬ ವಿವೇಕ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇದ್ದಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೈಯಿಂದ ಬರೆಯುವ ನಕ್ಷೆಗಾರನ ಕೆಲಸದ ಕ್ರಮವನ್ನು ನೆನೆಸಿಕೊಳ್ಳಿ. ಹಾಳೆಯನ್ನು ಹಲಗೆಗೆ ಅಂಟಿಸುವ ಮೊದಲೇ ಆತನು ಪ್ರಮಾಣವನ್ನು ನಿಶ್ಚಯಿಸಿಕೊಳ್ಳುತ್ತಿದ್ದನು. ಮೂರು ಮೈಯ ಸ್ಕೇಲುಪಟ್ಟಿಯ ಯಾವ ಅಂಚನ್ನು ಬಳಸಬೇಕೆಂಬುದು ಅಲ್ಲಿಗೆ ತೀರ್ಮಾನವಾಗುತ್ತಿತ್ತು. ಗೋಡೆಗಳನ್ನೆಲ್ಲ ಆ ಅಂಚಿನಿಂದ ಅಳೆದು ಎಳೆದ ಮೇಲೆ, ಬರಹದ ಸರದಿ. ಆಗ ಸ್ಕೇಲುಪಟ್ಟಿಯನ್ನು ಪಕ್ಕಕ್ಕಿಟ್ಟು, ಎರಡು ತೆಳುವಾದ ಪೆನ್ಸಿಲ್ ಗೆರೆಗಳ ನಡುವೆ ಅಕ್ಷರಗಳನ್ನು ಕೂರಿಸುತ್ತಿದ್ದನು. ಇಲ್ಲವೆ ಅಚ್ಚಿನ ಪಟ್ಟಿಯ ಕೊರೆತಗಳಲ್ಲಿ ಮಸಿಲೇಖನಿಯನ್ನು ಓಡಿಸುತ್ತಿದ್ದನು. ಅಚ್ಚಿನ ಪಟ್ಟಿಯ ಮೇಲೆ ಅಕ್ಷರದ ಎತ್ತರ ನಮೂದಾಗಿರುತ್ತಿತ್ತು. ಅದಕ್ಕೂ ಕಟ್ಟಡದ ಪ್ರಮಾಣಕ್ಕೂ ಸಂಬಂಧವೇ ಇರಲಿಲ್ಲ. 1953ರಲ್ಲಿ ಜರ್ಮನಿಯ ರೋಟ್ರಿಂಗ್ ಕಂಪೆನಿಯು ಹೊರತಂದ ರ‍್ಯಾಪಿಡೋಗ್ರಾಫ್ ಎಂಬ ಕೊಳವೆಯ ಲೇಖನಿ ಬಂದ ಮೇಲಂತೂ ಗೆರೆಯ ದಪ್ಪವನ್ನೂ ನಿಖರವಾಗಿ ಆರಿಸಿಕೊಳ್ಳಬಹುದಾಯಿತು. 1:100ರ ನಕ್ಷೆಯನ್ನು 1:50ಕ್ಕೆ ದೊಡ್ಡದು ಮಾಡಬೇಕಾದರೆ ಆತನು ಪುನಃ ಮೊದಲಿನಿಂದ ಬರೆಯಬೇಕಾಗಿತ್ತು. ದಿನಗಟ್ಟಲೆ ದುಡಿಮೆ, ನಿಜ. ಆದರೆ ಗೊಂದಲ ಮಾತ್ರ ಇರಲಿಲ್ಲ.

ಈ ಎರಡೂವರೆ ಮಿಲಿಮೀಟರು ಎಲ್ಲಿಂದ ಬಂದಿತು? ಅದರ ಹಿಂದೆ ಒಂದು ಕಡೆ ಕಣ್ಣು, ಇನ್ನೊಂದು ಕಡೆ ಕಾಗದ ಇವೆ. ಕಣ್ಣಿನ ವೈದ್ಯರ ಕೊಠಡಿಯಲ್ಲಿ ತೂಗುಹಾಕಿರುವ ಅಕ್ಷರಗಳ ಫಲಕವನ್ನು ನಾವೆಲ್ಲರೂ ನೋಡಿದ್ದೇವೆ. ಹಾಲೆಂಡಿನ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಆ ಪದ್ಧತಿಯಲ್ಲಿ, ನೆಟ್ಟಗಿರುವ ಕಣ್ಣು ಐದು ಕಲೆಗಳಷ್ಟು ಕೋನವನ್ನು ತುಂಬುವ ಅಕ್ಷರವನ್ನು ಗುರುತಿಸಬಲ್ಲದು. ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗವೇ ಒಂದು ಕಲೆ. ಆರು ಮೀಟರು ದೂರದಲ್ಲಿ ಇದು ಸುಮಾರು 8.7 ಮಿಲಿಮೀಟರು ಎತ್ತರದ ಅಕ್ಷರ. ನಕ್ಷೆಯನ್ನು ಅರ್ಧ ಮೀಟರು ದೂರದಲ್ಲಿಟ್ಟುಕೊಂಡು ನೋಡಿದರೆ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ. ಆದರೆ ಅದು ಕಣ್ಣಿನ ಕಟ್ಟಕಡೆಯ ಎಲ್ಲೆ; ಫಲಕದ ಮೇಲಿನ ಒಂಟಿ ಅಕ್ಷರಕ್ಕೆ, ಒಳ್ಳೆಯ ಬೆಳಕಿನಲ್ಲಿ ಸಲ್ಲುವ ಮಾತು. ಸಿಮೆಂಟಿನ ಧೂಳು ಹಿಡಿದ ಹಾಳೆಯನ್ನು ಸಂಜೆಯ ಬೆಳಕಿನಲ್ಲಿ ಓದುವ ಮೇಸ್ತ್ರಿಗೆ ಅದರ ಮೂರು ಪಟ್ಟಾದರೂ ಬೇಡವೇ? ಅರ್ಧ ಮೀಟರು ದೂರದಿಂದ 2.5 ಮಿಲಿಮೀಟರಿನ ಅಕ್ಷರವು ಹದಿನೇಳು ಕಲೆಗಳಷ್ಟು ಕೋನವನ್ನು ತುಂಬುತ್ತದೆ.

ಕಾಗದದ ಕಥೆ ಇನ್ನೂ ಸೊಗಸಾಗಿದೆ. ಎ0 ಹಾಳೆಯ ವಿಸ್ತಾರ ಒಂದು ಚದರ ಮೀಟರು. ಅದನ್ನು ನಡುವೆ ಮಡಿಸಿದರೆ ಎ1, ಮತ್ತೆ ಮಡಿಸಿದರೆ ಎ2, ಹೀಗೆಯೇ ಎ4ರವರೆಗೆ. ಉದ್ದಕ್ಕೂ ಅಗಲಕ್ಕೂ ಎರಡರ ವರ್ಗಮೂಲದ, ಎಂದರೆ 1.414ರ, ಅನುಪಾತವಿದ್ದರೆ ಮಾತ್ರ ಹಾಳೆಯನ್ನು ಎಷ್ಟು ಸಲ ಮಡಿಸಿದರೂ ಆಕಾರ ಕೆಡುವುದಿಲ್ಲ. ಜರ್ಮನಿಯ ಗೇಯಾರ್ಗ್ ಕ್ರಿಸ್ಟೋಫ್ ಲಿಷ್ಟೆನ್‌ಬರ್ಗ್ ಎಂಬ ವಿಜ್ಞಾನಿ 1786ರ ಒಂದು ಪತ್ರದಲ್ಲಿಯೇ ಈ ಗುಣವನ್ನು ಬಣ್ಣಿಸಿದ್ದನು. 1922ರಲ್ಲಿ ಅದು ಆ ದೇಶದ ಮಾನಕವಾಯಿತು. ನಕ್ಷೆಯ ಅಕ್ಷರಗಳಿಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಒಪ್ಪಿರುವ ಎತ್ತರಗಳನ್ನು ನೋಡಿ: 2.5, 3.5, 5, 7, 10, 14, 20 ಮಿಲಿಮೀಟರು. ಪ್ರತಿಯೊಂದೂ ಹಿಂದಿನದರ ಸುಮಾರು 1.414 ಪಟ್ಟು. ಎ1 ಹಾಳೆಯನ್ನು ಎ2ಕ್ಕೆ ಕುಗ್ಗಿಸಿ ಪ್ರತಿ ತೆಗೆದಾಗ 3.5ರ ಅಕ್ಷರ ಸರಿಯಾಗಿ 2.5ರ ಮೆಟ್ಟಿಲಿಗೆ ಇಳಿಯುತ್ತದೆ. ಅದೇ ಲೇಖನಿ, ಅದೇ ಅಚ್ಚಿನ ಪಟ್ಟಿಯಿಂದ ಕುಗ್ಗಿದ ಪ್ರತಿಯನ್ನೂ ತಿದ್ದಬಹುದು. ಗೆರೆಯ ದಪ್ಪಗಳೂ 0.25, 0.35, 0.5, 0.7 ಎಂದು ಇದೇ ಮೆಟ್ಟಿಲುಗಳನ್ನು ಏರುತ್ತವೆ.

ಇನ್ನು ಗಣಕಯಂತ್ರದ ಪ್ರವೇಶ. ಪರದೆಯ ಮೇಲೆ ಚಿತ್ರ ಬರೆಯುವ ವಿದ್ಯೆಗೆ ಅಡಿಗಲ್ಲು ಹಾಕಿದವನು ಅಮೆರಿಕದ ಐವನ್ ಸದರ್ಲೆಂಡ್. ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಗೆ 1963ರಲ್ಲಿ ಅವನು ಒಪ್ಪಿಸಿದ ‘ಸ್ಕೆಚ್‌ಪ್ಯಾಡ್’ ಎಂಬ ಕಾರ್ಯಕ್ರಮದಲ್ಲಿ ಚಿತ್ರವನ್ನು ಸುಮಾರು ಎರಡು ಸಾವಿರ ಪಟ್ಟು ಹಿಗ್ಗಿಸಿ ನೋಡಬಹುದಾಗಿತ್ತು. ಪರದೆ ಎಂಬುದು ಹಾಳೆಯಲ್ಲ, ಬಹು ದೊಡ್ಡ ಹಾಳೆಯೊಂದನ್ನು ನೋಡುವ ಕಿಂಡಿ, ಎಂಬ ಭಾವನೆ ಅಲ್ಲಿಂದ ಬಂದಿತು. ಆ ಯಂತ್ರ ಒಂದು ಪ್ರಯೋಗಶಾಲೆಯ ಸ್ವತ್ತು. ಸಾಮಾನ್ಯ ಕಚೇರಿಯ ಮೇಜಿನ ಮೇಲಿಡಬಹುದಾದ ಯಂತ್ರಕ್ಕೆ ನಕ್ಷೆಯ ವಿದ್ಯೆ ಬಂದದ್ದು 1982ರ ಕೊನೆಯಲ್ಲಿ, ಅದೇ ವರ್ಷ ಹುಟ್ಟಿದ ಆಟೋಡೆಸ್ಕ್ ಕಂಪೆನಿಯ ‘ಆಟೋಕ್ಯಾಡ್’ ತಂತ್ರಾಂಶದೊಡನೆ. ಇಂದಿಗೂ ನಮ್ಮ ಊರುಗಳ ನಕ್ಷೆಯ ಅಂಗಡಿಗಳಲ್ಲಿ ಅದರ ಹೆಸರೇ ಆ ಕೆಲಸದ ಹೆಸರಾಗಿ ನಿಂತಿದೆ. ‘ಕ್ಯಾಡ್ ಮಾಡಿಸುವುದು’ ಎಂದರೆ ನಕ್ಷೆ ಬರೆಸುವುದು.

ಈ ತಂತ್ರಾಂಶವು ನಕ್ಷೆಗಾರನ ಕ್ರಮವನ್ನು ತಲೆಕೆಳಗು ಮಾಡಿತು. ಇಲ್ಲಿ ಪ್ರಮಾಣವನ್ನು ಮೊದಲು ನಿಶ್ಚಯಿಸಬೇಕಾಗಿಲ್ಲ. ಹನ್ನೆರಡು ಮೀಟರಿನ ಗೋಡೆಯನ್ನು ಹನ್ನೆರಡು ಮೀಟರೆಂದೇ ಬರೆಯುವುದು. ಯಂತ್ರದ ಸ್ಮೃತಿಗೆ ಗಾತ್ರದ ಭಯವೆಲ್ಲಿಯದು? ಕಾಗದದ ಮೇಲೆ ಇಳಿಸುವ ಹೊತ್ತಿನಲ್ಲಿ ‘ನೂರಕ್ಕೆ ಒಂದು’ ಎಂದು ಹೇಳಿದರಾಯಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಆ ಹೊತ್ತಿನಲ್ಲಿ ಯಂತ್ರವು ಗೋಡೆ ಯಾವುದು, ಬರಹ ಯಾವುದು ಎಂದು ಕೇಳುತ್ತಿರಲಿಲ್ಲ. ಎಲ್ಲವನ್ನೂ ಒಂದೇ ಸಮನಾಗಿ ಕುಗ್ಗಿಸುತ್ತಿತ್ತು. ಆದುದರಿಂದ ಹಾಳೆಯ ಮೇಲೆ 2.5 ಮಿಲಿಮೀಟರಿನ ಅಕ್ಷರ ಬೇಕಾದರೆ, ನಾವು ಮೇಲೆ ಕಂಡ ಗೇಣುದ್ದದ ಅಕ್ಷರವನ್ನೇ, ಎಂದರೆ 250 ಮಿಲಿಮೀಟರಿನದನ್ನು, ಮನೆಯ ನೆಲದ ಮೇಲೆ ನಿಜವಾಗಿಯೂ ಬರೆದಿಡಬೇಕಾಯಿತು. ಅದೇ ಕಡತವನ್ನು 1:50ಕ್ಕೆ ಮುದ್ರಿಸಿದರೆ ಅಕ್ಷರ ಐದು ಮಿಲಿಮೀಟರಾಗಿ ಬಚ್ಚಲುಮನೆಯ ಗೋಡೆಯನ್ನು ದಾಟುತ್ತಿತ್ತು. 1:200ಕ್ಕೆ ಮುದ್ರಿಸಿದರೆ ಒಂದೂಕಾಲು ಮಿಲಿಮೀಟರಾಗಿ ಇರುವೆಸಾಲಿನಂತೆ ಕಾಣುತ್ತಿತ್ತು. ಯಾವ ಪ್ರಮಾಣಕ್ಕೆ ಯಾವ ಎತ್ತರ ಎಂಬ ಗುಣಾಕಾರದ ಪಟ್ಟಿ ಇಲ್ಲದೆ ನಕ್ಷೆಗಾರನ ಕೈ ಮುಂದೆ ಸಾಗುವಂತಿರಲಿಲ್ಲ. ಎರಡು ಪ್ರಮಾಣಗಳು ಬೇಕಾದವರು ಪ್ರತಿಯೊಂದು ಹೆಸರನ್ನೂ ಎರಡು ಸಲ, ಬೇರೆ ಬೇರೆ ಪದರಗಳಲ್ಲಿ ಬರೆದು, ಮುದ್ರಿಸುವಾಗ ಒಂದನ್ನು ಅಡಗಿಸುತ್ತಿದ್ದರು. ಒಂದು ಪದರದಲ್ಲಿ ತಿದ್ದಿದ ಅಳತೆ ಇನ್ನೊಂದರಲ್ಲಿ ಹಳೆಯದಾಗಿಯೇ ಉಳಿಯುವುದಕ್ಕೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ.

ಅಕ್ಷರಕ್ಕೆ ಬಂದ ಈ ಗತಿ ಬಾಣದ ತುದಿಗಳಿಗೂ ತುಂಡುಗೆರೆಗಳಿಗೂ ಬಂದಿತು. ಬಾಣ ಮತ್ತು ಅಳತೆಯ ಅಂಕೆಗಳಿಗೆ ‘ಡಿಮ್‌ಸ್ಕೇಲ್’ ಎಂಬ ಒಂದು ಗುಣಕ, ತುಂಡುಗೆರೆಗಳಿಗೆ ‘ಎಲ್‌ಟಿಸ್ಕೇಲ್’ ಎಂಬ ಇನ್ನೊಂದು. ತುಂಡುಗೆರೆಯ ವಿಷಯ ಕೇವಲ ಅಂದದ್ದಲ್ಲ. ತಲೆಯ ಮೇಲೆ ಹಾಯುವ ತೊಲೆಯನ್ನು ತುಂಡುಗೆರೆಯಿಂದಲೂ, ಕಣ್ಣೆದುರಿಗಿರುವ ಅಂಚನ್ನು ಅಖಂಡ ಗೆರೆಯಿಂದಲೂ ತೋರಿಸುವುದು ರೂಢಿ. ಗುಣಕವು ತೀರ ಚಿಕ್ಕದಾದರೆ ತುಂಡುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ತೀರ ದೊಡ್ಡದಾದರೆ ಒಂದೇ ತುಂಡು ಕೋಣೆಯುದ್ದಕ್ಕೂ ಚಾಚುತ್ತದೆ. ಎರಡು ಕಡೆಯೂ ತುಂಡುಗೆರೆ ಅಖಂಡವಾಗಿ ಕಂಡು, ಮೇಲಿರಬೇಕಾದ ತೊಲೆ ನೆಲದ ಮೇಲಿನ ಮೆಟ್ಟಿಲಾಗಿ ಓದಿಸಿಕೊಳ್ಳುತ್ತದೆ!

ಮೊದಲ ಪರಿಹಾರ ದೊರೆತದ್ದು 1990ರಲ್ಲಿ, ಆಟೋಕ್ಯಾಡಿನ ಹನ್ನೊಂದನೆಯ ಆವೃತ್ತಿಯಲ್ಲಿ. ಅದು ಯಂತ್ರದೊಳಗೆ ಎರಡು ಸ್ಥಳಗಳನ್ನು ಕಲ್ಪಿಸಿತು. ಒಂದಕ್ಕೆ ‘ಮಾಡೆಲ್ ಸ್ಪೇಸ್’ ಎಂದು ಹೆಸರು. ಅಲ್ಲಿ ಕಟ್ಟಡ ತನ್ನ ಪೂರ್ಣ ಅಳತೆಯಲ್ಲಿ ನಿಂತಿರುತ್ತದೆ. ಇನ್ನೊಂದು ‘ಪೇಪರ್ ಸ್ಪೇಸ್’. ಅಲ್ಲಿ ಹಾಳೆಯು ತನ್ನ ಪೂರ್ಣ ಅಳತೆಯಲ್ಲಿ ಹರಡಿರುತ್ತದೆ. ಹಾಳೆಯಲ್ಲಿ ಕಿಟಕಿಗಳನ್ನು ಕೊರೆದು, ಒಂದೊಂದು ಕಿಟಕಿಯಿಂದಲೂ ಕಟ್ಟಡವನ್ನು ಬೇಕಾದಷ್ಟು ದೂರದಿಂದ ನೋಡುವುದು. ಒಂದು ಕಿಟಕಿಯಲ್ಲಿ ಇಡೀ ಮನೆ 1:100ರಲ್ಲಿ ಕಾಣುತ್ತಿದ್ದರೆ, ಪಕ್ಕದ ಕಿಟಕಿಯಲ್ಲಿ ಮೆಟ್ಟಿಲೊಂದೇ 1:20ರಲ್ಲಿ ಕಾಣುತ್ತದೆ. ಹೆಸರು, ಶೀರ್ಷಿಕೆ, ದಿಕ್ಸೂಚಿ ಇವೆಲ್ಲವೂ ಹಾಳೆಯ ಮೇಲಿನವು, ಅವನ್ನು 2.5 ಎಂದು ಬರೆದರೆ 2.5ರಲ್ಲಿಯೇ ಮುದ್ರಣವಾಗುತ್ತವೆ. ಹಳೆಯ ನಕ್ಷೆಗಾರ ಸ್ಕೇಲುಪಟ್ಟಿಯನ್ನು ಪಕ್ಕಕ್ಕಿಟ್ಟು ಅಚ್ಚಿನ ಪಟ್ಟಿಯನ್ನು ಎತ್ತಿಕೊಳ್ಳುತ್ತಿದ್ದನಲ್ಲ, ಆ ಚಲನೆಯನ್ನೇ ಯಂತ್ರ ಇಲ್ಲಿ ಕಲಿತಂತಾಯಿತು. ಈ ಕ್ಷೇತ್ರದಲ್ಲಿ ನಡೆದ ಸುಧಾರಣೆಗಳಲ್ಲೆಲ್ಲ ಇದೇ ಅತ್ಯಂತ ಸರಳವೂ ಸುಂದರವೂ ಆದದ್ದೆಂದು ನನ್ನ ಎಣಿಕೆ.

ಆದರೂ ಒಂದು ಕೊರತೆ ಉಳಿಯಿತು. ಹಾಳೆಯ ಮೇಲೆ ಬರೆದ ಹೆಸರಿಗೆ ಕಿಟಕಿಯಾಚೆಗಿನ ಗೋಡೆಯ ಪರಿಚಯವಿಲ್ಲ. ಮನೆಯ ಯಜಮಾನರು ಅಡುಗೆಮನೆಯನ್ನು ಪೂರ್ವಕ್ಕೆ ಸರಿಸಿರೆಂದರೆ, ಗೋಡೆಗಳು ಸರಿಯುತ್ತವೆ. ‘ಅಡುಗೆಮನೆ’ ಎಂಬ ಬರಹ ಇದ್ದಲ್ಲಿಯೇ ನಿಂತು ಉಗ್ರಾಣದ ನಡುವೆ ಬೀಳುತ್ತದೆ. ಹೆಸರು ಗೋಡೆಯ ಬಳಿಯೇ ಇರಬೇಕು, ಆದರೆ ಹಾಳೆಯ ಅಳತೆಯನ್ನು ಪಾಲಿಸಬೇಕು. ಈ ಬೇಡಿಕೆಗೆ 2007ರಲ್ಲಿ ಬಿಡುಗಡೆಯಾದ ‘ಆಟೋಕ್ಯಾಡ್ 2008’ ಉತ್ತರ ಕೊಟ್ಟಿತು. ಅದರಲ್ಲಿ ಬರಹವೊಂದಕ್ಕೆ ‘ಆನೊಟೇಟಿವ್’ ಎಂಬ ಗುಣವನ್ನು ಕೊಡಬಹುದು. ಅಂತಹ ಬರಹ ಕಟ್ಟಡದೊಳಗೇ ಇರುತ್ತದೆ. ಆದರೆ ಹಾಳೆಯ ಮೇಲೆ ತಾನು ಎಷ್ಟು ಎತ್ತರವಿರಬೇಕೆಂಬುದನ್ನೂ, ಯಾವ ಯಾವ ಪ್ರಮಾಣಗಳಲ್ಲಿ ಕಾಣಿಸಿಕೊಳ್ಳಬೇಕೆಂಬ ಪಟ್ಟಿಯನ್ನೂ ಜೊತೆಯಲ್ಲಿಯೇ ಹೊತ್ತಿರುತ್ತದೆ. 1:100ರ ಕಿಟಕಿಯಿಂದ ನೋಡಿದಾಗ ಅದು ಗೇಣುದ್ದವಾಗುತ್ತದೆ, 1:50ರ ಕಿಟಕಿಯಿಂದ ನೋಡಿದಾಗ ಅದರ ಅರ್ಧ. ಹಾಳೆಯ ಮೇಲೆ ಎರಡೂ ಕಡೆ 2.5.

ಜಾಣತನದ ಉಪಾಯವೇ. ಆದರೆ ಇದರೊಳಗೆ ಒಂದು ಗುಂಡಿಯೂ ಇದೆ. ಕಿಟಕಿಯ ಪ್ರಮಾಣವು ಬರಹದ ಪಟ್ಟಿಯಲ್ಲಿ ಇಲ್ಲದಿದ್ದರೆ, ಬರಹ ಆ ಕಿಟಕಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಹಳೆಯ ಪದ್ಧತಿಯಲ್ಲಿ ತಪ್ಪು ಪ್ರಮಾಣದ ಅಕ್ಷರ ದೈತ್ಯಾಕಾರವಾಗಿ ಬಂದು ತನ್ನ ತಪ್ಪನ್ನು ತಾನೇ ಸಾರಿಹೇಳುತ್ತಿತ್ತು. ಇಲ್ಲಿ ತಪ್ಪಿದ ಬರಹ ಸದ್ದಿಲ್ಲದೆ ಮಾಯವಾಗುತ್ತದೆ. ‘ಇಲ್ಲಿ ನೀರು ತಡೆಯುವ ಪದರ ಹಾಕಬೇಕು’ ಎಂಬ ಸೂಚನೆಯೊಂದು ಬಚ್ಚಲುಮನೆಯ ವಿವರದ ನಕ್ಷೆಯಿಂದ ಹೀಗೆ ಜಾರಿಹೋದರೆ, ನಕ್ಷೆ ನೋಡುವವರಿಗೆ ಅನುಮಾನ ಬರುವುದಕ್ಕೂ ಆಸ್ಪದವಿಲ್ಲ. ಕೆಳಗಿನ ಕೋಣೆಯ ಚಾವಣಿ ಒದ್ದೆಯಾದಾಗಲೇ ಅದು ತಿಳಿಯುವುದು. ಅನುಭವಿಗಳಾದವರು ಮುದ್ರಣಕ್ಕೆ ಮುನ್ನ ಒಂದೊಂದು ಕಿಟಕಿಯನ್ನೂ ಮಾದರಿಯೊಡನೆ ಹೋಲಿಸಿ ನೋಡುವುದು ಈ ಕಾರಣದಿಂದಲೇ.

ಗೆರೆಗಳನ್ನು ಎಳೆಯುವ ಬದಲು ಗೋಡೆ, ಬಾಗಿಲು, ಚಾವಣಿಗಳನ್ನೇ ಘನರೂಪದಲ್ಲಿ ಕಟ್ಟುತ್ತ ಹೋಗುವ ಇನ್ನೊಂದು ಬಗೆಯ ತಂತ್ರಾಂಶಗಳಿವೆ. 1982ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲಿ ಹುಟ್ಟಿದ ಗ್ರಾಫಿಸಾಫ್ಟ್ ಕಂಪೆನಿಯ ‘ಆರ್ಕಿಕ್ಯಾಡ್’ ಅವುಗಳಲ್ಲಿ ಹಿರಿದು. 2000ದಲ್ಲಿ ಬಂದು ಎರಡು ವರ್ಷಗಳಲ್ಲಿಯೇ ಆಟೋಡೆಸ್ಕಿನ ವಶವಾದ ‘ರೆವಿಟ್’ ಕಿರಿದು. ರೆವಿಟ್‌ನಲ್ಲಿ ಪ್ರತಿಯೊಂದು ನೋಟಕ್ಕೂ ಒಂದು ಪ್ರಮಾಣ. ಬರಹದ ಎತ್ತರವನ್ನು ಯಾವಾಗಲೂ ಹಾಳೆಯ ಮಿಲಿಮೀಟರುಗಳಲ್ಲಿಯೇ ಹೇಳುವುದು. ಪ್ರಮಾಣವನ್ನು ಬದಲಿಸಿದೊಡನೆ ಬರಹಗಳೆಲ್ಲ ತಾವಾಗಿಯೇ ಗೋಡೆಗಳ ನಡುವೆ ಹಿಗ್ಗಿಯೋ ಕುಗ್ಗಿಯೋ ಕೂರುತ್ತವೆ. ಆರ್ಕಿಕ್ಯಾಡ್ ಇದಕ್ಕಿಂತ ಭಿನ್ನವಾಗಿ, ಬರಹವು ಹಾಳೆಯ ಅಳತೆಯಲ್ಲಿ ಸ್ಥಿರವಾಗಿರಲೋ ನಕ್ಷೆಯೊಡನೆ ಕುಗ್ಗಿ ಹಿಗ್ಗಲೋ ಎಂದು ಬಳಸುವವನನ್ನೇ ಕೇಳುತ್ತದೆ.

ಅಕ್ಷರ ಕುಗ್ಗಲೇಬೇಕಾದ ಸಂದರ್ಭವೂ ಉಂಟೇ ಎಂದು ವಾಚಕರು ಕೇಳಬಹುದು. ಉಂಟು. 1956ರಲ್ಲಿ ಪೂರ್ಣಗೊಂಡ ನಮ್ಮ ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವಿರುವುದು ಎಲ್ಲರಿಗೂ ತಿಳಿದದ್ದೇ. ಆ ಮುಂಭಾಗದ ಚಿತ್ರವನ್ನು ಬರೆಯುವವನಿಗೆ ಈ ಅಕ್ಷರಗಳು ಕಂಬದಂತೆ, ಕಮಾನಿನಂತೆ ಕಟ್ಟಡದ ಅಂಗವೇ. ಕಟ್ಟಡದೊಡನೆ ಅವೂ ಕುಗ್ಗಬೇಕು. ಅದೇ ಚಿತ್ರದ ಕೆಳಗೆ ‘ಪೂರ್ವದ ಮುಖ’ ಎಂದು ಬರೆದದ್ದು ಹಾಳೆಯ ಅಂಗ, ಅದು ಕುಗ್ಗಕೂಡದು. ಎರಡೂ ಕನ್ನಡದ ಅಕ್ಷರಗಳೇ, ಕಣ್ಣಿಗೆ ಭೇದವಿಲ್ಲ. ಯಾವುದು ಕಟ್ಟಡದ್ದು, ಯಾವುದು ಕಾಗದದ್ದು ಎಂಬುದನ್ನು ಮನುಷ್ಯನೇ ಹೇಳಿಕೊಡಬೇಕು. ಗೆರೆತುಂಬಿದ ಮೈಗಳಿಗೂ ಇದೇ ನ್ಯಾಯ. ನೆಲಕ್ಕೆ ಹಾಸಿದ ಎರಡಡಿಯ ಟೈಲುಗಳ ಸಂದುಗೆರೆ ಕಟ್ಟಡದ್ದು. ಕತ್ತರಿಸಿದ ಇಟ್ಟಿಗೆಗೋಡೆಯನ್ನು ಸೂಚಿಸಲು ತುಂಬುವ ಓರೆಗೆರೆಗಳು ಬರಿಯ ಸಂಕೇತ, ಕಾಗದದವು. ರೆವಿಟ್ ಈ ಎರಡು ಬಗೆಯ ಗೆರೆತುಂಬಿಕೆಗಳನ್ನು ಹೆಸರಿನಲ್ಲಿಯೇ ಬೇರೆಯಾಗಿಟ್ಟಿದೆ.

ಅಕ್ಷರದ ಎತ್ತರವನ್ನು ಸ್ಥಿರವಾಗಿಡುವ ಕೆಲಸವೇನೋ ಹೀಗೆ ಯಂತ್ರದ ಪಾಲಾಯಿತು. ಇಕ್ಕಟ್ಟನ್ನು ನಿವಾರಿಸುವ ಕೆಲಸ ಇನ್ನೂ ಆಗಿಲ್ಲ. ಒಂದೂಕಾಲು ಮೀಟರು ಅಗಲದ ಬಚ್ಚಲುಮನೆ 1:200ರಲ್ಲಿ ಆರು ಮಿಲಿಮೀಟರಿಗೆ ಇಳಿಯುತ್ತದೆ. ‘ಬಚ್ಚಲುಮನೆ’ ಎಂಬ ಐದಕ್ಷರಗಳನ್ನು 2.5ರ ಎತ್ತರದಲ್ಲಿ ಅಷ್ಟರೊಳಗೆ ಕೂರಿಸುವುದು ಯಾವ ಯಂತ್ರಕ್ಕೂ ಆಗದ ಮಾತು. ಅಲ್ಲಿ ಒಂದು ಸಂಖ್ಯೆಯನ್ನು ಬರೆದು ಪಕ್ಕದಲ್ಲಿ ಪಟ್ಟಿ ಕೊಡಬೇಕು, ಇಲ್ಲವೆ ಹೆಸರನ್ನೇ ಬಿಟ್ಟುಬಿಡಬೇಕು. ಭೂಪಟಗಳನ್ನು ಬರೆಯುವವರು ಪ್ರಮಾಣ ಇಳಿದಂತೆ ಹಳ್ಳಿಗಳನ್ನು ಕೈಬಿಟ್ಟು ನಗರಗಳನ್ನು ಮಾತ್ರ ಉಳಿಸಿಕೊಳ್ಳುತ್ತಾರಲ್ಲ, ಅಂತಹ ಆಯ್ಕೆ ಇದು.

ಇಷ್ಟೆಲ್ಲ ಎಚ್ಚರದಿಂದ ಸಿದ್ಧಪಡಿಸಿದ ಎ1 ಹಾಳೆ ಕೆಲಸದ ಜಾಗಕ್ಕೆ ಹೇಗೆ ಹೋಗುತ್ತದೆ? ಬಹುಮಟ್ಟಿಗೆ ಎ3ರ ಪ್ರತಿಯಾಗಿ. ದೊಡ್ಡ ಹಾಳೆಯ ಮುದ್ರಣಕ್ಕೆ ವೆಚ್ಚ ಹೆಚ್ಚು, ಗಾಳಿಯಲ್ಲಿ ಹಿಡಿದು ನಿಲ್ಲುವುದೂ ಕಷ್ಟ. ಎ1ರಿಂದ ಎ3ಕ್ಕೆ ಇಳಿದಾಗ ಪ್ರತಿಯೊಂದು ಗೆರೆಯೂ ಅರ್ಧಕ್ಕೆ ಇಳಿಯುತ್ತದೆ. 1:100 ಎಂದು ಅಚ್ಚಾಗಿರುವ ಹಾಳೆ ಈಗ ನಿಜವಾಗಿ 1:200, 2.5ರ ಅಕ್ಷರ ಒಂದೂಕಾಲು ಮಿಲಿಮೀಟರು. ಆ ಎತ್ತರದಲ್ಲಿ, ಮಸಿ ತುಸು ಹರಡಿದ ಪ್ರತಿಯಲ್ಲಿ, ಮೊದಲು ಕೆಡುವುವು 3, 5, 6, 8ರಂತಹ ಅಂಕೆಗಳು. ಅವುಗಳ ಬಳುಕುಗಳ ನಡುವಿನ ಕಿಂಡಿಗಳು ತುಂಬಿಹೋಗುತ್ತವೆ. 150 ಎಂಬುದು 180 ಆಗಿ, 300 ಎಂಬುದು 800 ಆಗಿ ಕಾಣುವುದು ಅಸಂಭವವೇನೂ ಅಲ್ಲ. 300ರ ಬದಲು 800ರ ತೊಲೆಯನ್ನು ಯಾರೂ ಕಟ್ಟಲಾರರು, ನಕ್ಕು ಕೇಳುತ್ತಾರೆ. ಭಯವಿರುವುದು 150, 180ರಂತಹ ನೆರೆಹೊರೆಯ ಅಂಕೆಗಳಲ್ಲಿ. ಕಾಂಕ್ರೀಟು ಚಪ್ಪಡಿಯ ದಪ್ಪಕ್ಕೂ, ಕಂಬಿಗಳ ನಡುವಿನ ಅಂತರಕ್ಕೂ ಎರಡೂ ಒಪ್ಪುವ ಅಳತೆಗಳೇ. ಕಂಬಿಯ ಅಂತರ 150 ಇರಬೇಕಾದಲ್ಲಿ 180 ಇಟ್ಟರೆ ಆರರಲ್ಲಿ ಒಂದು ಪಾಲು ಉಕ್ಕು ಕಡಿಮೆಯಾಗುತ್ತದೆ. ಕಾಂಕ್ರೀಟು ಸುರಿದ ಮೇಲೆ ಅದನ್ನು ಕಣ್ಣಿನಿಂದ ಕಾಣುವ ದಾರಿಯಿಲ್ಲ. ಎ3ರಲ್ಲಿ ಓದಲ್ಪಡುವ ಎ1 ನಕ್ಷೆಗೆ 2.5ರ ಬದಲು ಐದು ಮಿಲಿಮೀಟರಿನ ಅಂಕೆಗಳನ್ನು ಕೊಡಬೇಕೆಂದು ನಾನು ವಾದಿಸುವುದು ಈ ಲೆಕ್ಕದ ಮೇಲೆಯೇ.

ಇದಕ್ಕಿಂತ ಸೂಕ್ಷ್ಮವಾದ ಮೋಸಗಳೂ ಇವೆ. ಅಡಿ ಅಂಗುಲಗಳ ಹಳೆಯ ಪದ್ಧತಿಯಲ್ಲಿ ‘ಅಡಿಗೆ ಎಂಟನೆಯ ಒಂದಂಗುಲ’ ಎಂಬುದು ಮನೆಯ ನಕ್ಷೆಗೆ ರೂಢಿಯ ಪ್ರಮಾಣ. ಲೆಕ್ಕ ಹಾಕಿದರೆ ಅದು 1:96. ಮೆಟ್ರಿಕ್ ಪಟ್ಟಿಯ 1:100ರ ಅಂಚಿನಿಂದ ಅದನ್ನು ಅಳೆದರೆ ನಲವತ್ತಡಿಯ ನಿವೇಶನ ಅರ್ಧ ಮೀಟರು ಹೆಚ್ಚಾಗಿ ಕಾಣುತ್ತದೆ. ತೂಕ ಮತ್ತು ಅಳತೆಗಳ ಕಾಯಿದೆ ಬಂದದ್ದು 1956ರಲ್ಲಿ. ಆದರೂ ನಿವೇಶನವನ್ನು ನಾವು ಇಂದಿಗೂ ಅಡಿಗಳಲ್ಲಿಯೇ ಕೊಳ್ಳುತ್ತೇವೆ, ಕಂಬಿಯನ್ನು ಮಿಲಿಮೀಟರಿನಲ್ಲಿ. ಒಬ್ಬರು ಅಂಗುಲಗಳಲ್ಲಿ ಬರೆದ ಕಡತವನ್ನು ಇನ್ನೊಬ್ಬರು ಮಿಲಿಮೀಟರಿನ ಕಡತದೊಳಗೆ ಪರಿವರ್ತಿಸದೆ ಸೇರಿಸಿದರೆ ಅದು 25.4 ಪಟ್ಟು ಚಿಕ್ಕದಾಗಿ ಹಾಳೆಯ ಮೂಲೆಯಲ್ಲಿ ಒಂದು ಚುಕ್ಕೆಯಂತೆ ಬೀಳುತ್ತದೆ. ಇದು ನಿರುಪದ್ರವಿ, ಕೂಡಲೇ ಗೊತ್ತಾಗುತ್ತದೆ. ಮುದ್ರಣಯಂತ್ರಕ್ಕೆ ‘ಹಾಳೆಗೆ ಹೊಂದಿಸು’ ಎಂಬ ಆಜ್ಞೆ ಕೊಟ್ಟು, ಅಂಚಿನ ಜಾಗಕ್ಕಾಗಿ ಅದು ನೂರಕ್ಕೆ ನಾಲ್ಕರಷ್ಟು ಕುಗ್ಗಿಸಿದರೆ ಮಾತ್ರ ಗೊತ್ತಾಗುವುದಿಲ್ಲ. ಮೂರು ಮೀಟರಿನ ಕೋಣೆ ಆಗ ಅಳತೆಪಟ್ಟಿಗೆ 2.88 ಮೀಟರು. ‘ಬರೆದ ಅಳತೆಯನ್ನೇ ಅನುಸರಿಸಿ, ನಕ್ಷೆಯನ್ನು ಅಳೆಯಬೇಡಿ’ ಎಂದು ನಕ್ಷೆಗಳ ಮೂಲೆಯಲ್ಲಿ ಅಚ್ಚು ಹಾಕುವುದು ಇದಕ್ಕಾಗಿ. ಅದರ ಜೊತೆಗೆ ಗುಡಿಯ ಅರಸನ ಹಲಗೆಯಂತೆ ಒಂದು ಅಳತೆಪಟ್ಟಿಯ ಚಿತ್ರವನ್ನೂ ಹಾಕಿದರೆ ಇನ್ನೂ ಒಳ್ಳೆಯದು. ಹಾಳೆ ಎಷ್ಟು ಕುಗ್ಗಿದರೂ ಪಟ್ಟಿಯೂ ಅಷ್ಟೇ ಕುಗ್ಗುವುದರಿಂದ, 1:100 ಎಂಬ ಅಂಕೆ ಸುಳ್ಳಾದರೂ ಅದು ಸುಳ್ಳಾಗುವುದಿಲ್ಲ.

ಕನ್ನಡದಲ್ಲಿ ನಕ್ಷೆಯ ಬರಹ ಮಾಡುವವರಿಗೆ ಪ್ರತ್ಯೇಕವಾದ ಒಂದು ಮಾತು ಹೇಳಬೇಕು. ಅಕ್ಷರದ ಎತ್ತರವೆಂದರೆ ಆಟೋಕ್ಯಾಡ್ ಲೆಕ್ಕ ಹಾಕುವುದು ರೋಮನ್ ಲಿಪಿಯ ದೊಡ್ಡಕ್ಷರದ ಎತ್ತರವನ್ನು. ಆ ಲಿಪಿಯ ದೊಡ್ಡಕ್ಷರಗಳು ಸಾಮಾನ್ಯವಾಗಿ ಒಂದು ಗೆರೆಯ ಮೇಲೆ ನಿಂತು ಇನ್ನೊಂದು ಗೆರೆಯನ್ನು ಮುಟ್ಟುತ್ತವೆ; ಮೇಲೆ ಕೆಳಗೆ ಹೆಚ್ಚೇನೂ ಚಾಚುವುದಿಲ್ಲ. ನಮ್ಮ ಲಿಪಿಯಲ್ಲಿ ತಲೆಕಟ್ಟಿನ ಮೇಲೆ ಗುಡಿಸು ಏಳುತ್ತದೆ, ಅಡಿಯಲ್ಲಿ ಒತ್ತಕ್ಷರ ಇಳಿಯುತ್ತದೆ. ‘ಬಚ್ಚಲು’ ಎಂಬಲ್ಲಿನ ಚಕಾರದ ಒತ್ತು ಮೇಲಿನ ಅಕ್ಷರಕ್ಕಿಂತ ಹೆಚ್ಚು ಕಡಿಮೆ ಅರ್ಧದಷ್ಟು ಚಿಕ್ಕದು. ‘ರಾಷ್ಟ್ರ’ ಎಂಬಲ್ಲಿ ಒತ್ತಿಗೂ ಒಂದು ಒತ್ತು. 2.5 ಎಂದು ಹೇಳಿ ಅಂಕೆಗಳನ್ನು ಸರಿಯಾಗಿ ಓದಬಹುದಾದ ಹಾಳೆಯಲ್ಲಿಯೇ ಒತ್ತಕ್ಷರಗಳು ಒಂದು ಮಿಲಿಮೀಟರಿನ ಆಸುಪಾಸಿಗೆ ಇಳಿದಿರುತ್ತವೆ. ಎರಡು ಸಾಲಿನ ಬರಹವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಾಗುವುದೂ ಉಂಟು. ಕನ್ನಡದ ಹೆಸರುಗಳನ್ನು ಒಂದು ಮೆಟ್ಟಿಲು ಮೇಲೆ, ಎಂದರೆ 3.5ರಲ್ಲಿ ಬರೆದು, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡುವುದು ಯುಕ್ತ. ಹೆಸರು ಕನ್ನಡದಲ್ಲಿದ್ದರೆ ಓದಬಲ್ಲ ಮೇಸ್ತ್ರಿಗಳು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಆದರೂ ನಮ್ಮ ನಕ್ಷೆಗಳಲ್ಲಿ ಇಂಗ್ಲಿಷೇ ತುಂಬಿರುವುದು ವಿಷಾದದ ಸಂಗತಿ.

ಈಚಿನ ವರ್ಷಗಳಲ್ಲಿ ಕೆಲಸದ ಜಾಗಕ್ಕೆ ಹಾಳೆಯ ಬದಲು ದೂರವಾಣಿಯ ಪರದೆಯೇ ಹೋಗುತ್ತಿದೆ. ಕಚೇರಿಯಿಂದ ಕಳುಹಿಸಿದ ನಕ್ಷೆಯನ್ನು ಅಂಗೈಯಗಲದ ಗಾಜಿನ ಮೇಲೆ ಎರಡು ಬೆರಳುಗಳಿಂದ ಹಿಗ್ಗಿಸಿ ನೋಡುತ್ತಾರೆ. ಅಲ್ಲಿ ಎ1 ಇಲ್ಲ, ಎ3 ಇಲ್ಲ. ಕಾಗದವೇ ಇಲ್ಲದಿರುವಲ್ಲಿ ‘ಕಾಗದದ ಮೇಲೆ 2.5 ಮಿಲಿಮೀಟರು’ ಎಂಬ ಮಾತಿಗೆ ಅರ್ಥವೂ ಇಲ್ಲ. ಗೋಡೆಯನ್ನು ಹಿಗ್ಗಿಸಿದರೆ ಅಕ್ಷರವೂ ಜೊತೆಗೇ ಹಿಗ್ಗುತ್ತದೆ. ಅಕ್ಷರ ಓದಲು ಬರುವಷ್ಟು ದೊಡ್ಡದಾಗುವ ಹೊತ್ತಿಗೆ ಕೋಣೆಯ ಉಳಿದ ಭಾಗ ಪರದೆಯ ಆಚೆಗೆ ಸರಿದಿರುತ್ತದೆ. ಓದಿದ ಅಂಕೆ ಈ ಗೋಡೆಯದೋ ಪಕ್ಕದ್ದೋ ಎಂದು ತಿಳಿಯಲು ಮತ್ತೆ ಕುಗ್ಗಿಸಿ ನೋಡಬೇಕು. ಗಣಕಯಂತ್ರದ ಭೂಪಟಗಳಲ್ಲಿ ಊರಿನ ಹೆಸರು, ನಾವು ಎಷ್ಟು ಹಿಗ್ಗಿಸಿದರೂ, ಪರದೆಯ ಮೇಲೆ ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿ ನಿಲ್ಲುವುದನ್ನು ವಾಚಕರು ಗಮನಿಸಿರಬಹುದು. ಅಲ್ಲಿ ಬರಹವನ್ನು ಚಿತ್ರದೊಡನೆ ಅಂಟಿಸಿಲ್ಲ. ಪ್ರತಿ ಸಲ ಹಿಗ್ಗಿಸಿದಾಗಲೂ ಹೊಸದಾಗಿ ಬರೆಯಲಾಗುತ್ತದೆ. ಮನೆಯ ನಕ್ಷೆಯನ್ನು ಮುದ್ರಣದ ಹಾಳೆಯ ರೂಪದಲ್ಲಿಯೇ ದೂರವಾಣಿಗೆ ಕಳುಹಿಸುವವರೆಗೆ ಆ ಅನುಕೂಲ ಮೇಸ್ತ್ರಿಗೆ ದೊರೆಯುವಂತಿಲ್ಲ. ಅಷ್ಟರವರೆಗೆ ಆತನು ಎರಡು ಬೆರಳುಗಳ ನಡುವೆ ಪ್ರಮಾಣವನ್ನು ಹಿಡಿದುಕೊಂಡು, ಹಿಗ್ಗಿಸುತ್ತ ಕುಗ್ಗಿಸುತ್ತ ಅಳತೆಗಳನ್ನು ಒಂದೊಂದಾಗಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಳ್ಳುತ್ತಾನೆ.